ಗೂಲಾಳ ಹಾಲು

ನೆಫ್ತಾ, 4 ಫೆಬ್ರುವರಿ 1974

ಮಗಳೇ ಶಾದ್ಲಿಯಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ಕಾರಿಕೊಳ್ಳುತ್ತೇನೆ, ಇಲ್ಲದಿದ್ದರೆ ಅಕ್ಷರ ನೆಟ್ಟಗೆ ಬರುವುದಿಲ್ಲ.

ಮೊನ್ನೆ ಶುಕ್ರವಾರ ನಮಾಜು ಮುಗಿದ ಮೇಲೆ ನಿನ್ನ ದೊಡ್ಡಪ್ಪ ಹಾಜಿ ತಿಜಾನಿ ಬೀದಿಯ ಗಂಡಸರನ್ನೆಲ್ಲ ಮನೆಗೆ ಕರೆದು, ಚಹಾ ಕುಡಿಸಿ, ನಿನ್ನ ಹೆಸರಿಗೂ ಅವನ ಮಗ ಸಾಸಿಯ ಹೆಸರಿಗೂ ಗಂಟು ಹಾಕಿ ಫಾತಿಹಾ ಓದಿಸಿಬಿಟ್ಟಿದ್ದಾನೆ. ನಿಶ್ಚಯವಂತೆ! ಹುಡುಗಿ ಲಂಡನ್ನಿನಲ್ಲಿದ್ದಾಳೆ. ಹುಡುಗಿಯ ತಾಯಿ ಪಕ್ಕದ ಗೋಡೆಯಾಚೆ ಕೂತು ಮೆಣಸಿನಕಾಯಿ ಕುಟ್ಟುತ್ತಿದ್ದಾಳೆ. ಇಬ್ಬರನ್ನೂ ಕೇಳುವವರಿಲ್ಲ. ನನಗೆ ಸುದ್ದಿ ಸಿಕ್ಕಿದ್ದು ಊರ ಹೆಂಗಸರು ಮೀಯುವ ಹಮ್ಮಾಮಿನಲ್ಲಿ, ಮೈಗೆಲ್ಲ ಮಣ್ಣು ಹಚ್ಚಿಕೊಂಡು ಕೂತಿದ್ದಾಗ. ಬೆನ್ನು ಉಜ್ಜುವವಳು ಶುಭ ಕೋರಿದಳು. ಕಣ್ಣು ತೊಳೆದುಕೊಳ್ಳದೆ ಎದ್ದು ಬಂದೆ.

ನಮ್ಮವರ ಹಟ ನಿನಗೆ ಗೊತ್ತೇ ಇದೆ. ದೊಡ್ಡಪ್ಪನ ಮಗನೆಂದರೆ ಇಲ್ಲಿ ಅಣ್ಣನಲ್ಲ, ಹೆಣ್ಣಿನ ಮೇಲೆ ಮೊದಲ ಹಕ್ಕುದಾರ. ಅದರಲ್ಲೂ ನಿನ್ನ ಅಪ್ಪ ತೀರಿಹೋದ ಮೇಲೆ ನಮ್ಮ ಖರ್ಜೂರದ ತೋಟ ಯಾವನೋ ಹೊರಗಿನ ಅಳಿಯನ ಪಾಲಾಗುತ್ತದೆಂಬ ಚಿಂತೆ ಹಾಜಿಗೆ. ಹೋಗಿ ಬಾಗಿಲಲ್ಲೇ ನಿಂತು ಕೇಳಿದೆ.

"ಏನ್ ಹಾಜಿ, ನನ್ ಮಗಳು ಮೇಕೆ ಮರಿನಾ, ಕೇಳದೆ ಹಗ್ಗ ಕಟ್ಟೋಕೆ?"

"ನೋಡು ಮಬ್ರೂಕಾ, ಕೂಗಾಡ್ಬೇಡ. ಬೇಸಿಗೆ ಬರ್ತಾ ಇದೆ. ನಿನ್ ತೋಟಕ್ಕೂ ನೀರು ಬೇಕಲ್ಲ?" ಅಂದ. ಊಟೆಯ ನೀರಿನ ಸರದಿ ನೋಡಿಕೊಳ್ಳುವ ಹಿರಿಯ ಅವನೇ ತಾನೇ, ಇನ್ನೇನು ಹೇಳಿಯಾನು.

ನಾನು ಹೊರಟಾಗ ಅವನ ಹಿಂದೆ ಯಾರೋ ಮೆಲ್ಲಗೆ "ಗೂಲಾ" ಅಂದರು. ಗಂಟಲು ಹಳೆಯದು, ನನಗೆ ಅಂಟಿಸಿದ ಆ ರಾಕ್ಷಸಿಯ ಹೆಸರೂ ಹಳೆಯದು. ಅಂದವರು ಯಾರೆಂದು ನೋಡಲಿಲ್ಲ. ನಿನ್ನ ದೊಡ್ಡಮ್ಮ ಮನ್ನೂಬಿಯಾ ಮಾತ್ರ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

ನಿನ್ನ ಸಹಿ ಇಲ್ಲದೆ ಪುರಸಭೆಯಲ್ಲಿ ಯಾವ ಮದುವೆಯೂ ನಡೆಯುವುದಿಲ್ಲ, ಅದು ನನಗೆ ಗೊತ್ತು. ಆದರೆ ನೀರು ಪುರಸಭೆಯ ಕೈಯಲ್ಲಿಲ್ಲ. ನೀನು ಏನು ಹೇಳುತ್ತೀಯೋ ಬರಿ. ನಾನು ಏನು ಹೇಳಬೇಕೋ ಅದನ್ನು ಹೇಳಲು ಆಗದೆ ಒದ್ದಾಡುತ್ತಿದ್ದೇನೆ.

ನಿನ್ನ ಅಮ್ಮ,
ಮಬ್ರೂಕಾ


ಲಂಡನ್, 2 ಮಾರ್ಚ್ 1974

ಅಮ್ಮಾ,

ನಾನು ಸಾಸಿಯನ್ನು ಮದುವೆಯಾಗುವುದಿಲ್ಲ. ಇದನ್ನು ದೊಡ್ಡಪ್ಪನಿಗೆ ಓದಿ ಹೇಳು, ಬೇಕಾದರೆ ಚಹಾ ಕುಡಿಸಿ ಹೇಳು. ಸಾಸಿ ಕೆಟ್ಟವನಲ್ಲ. ಚಿಕ್ಕವನಿದ್ದಾಗ ನಮ್ಮ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದನಲ್ಲ, ನೀನು ಹಿಡಿದು ತಿಂದುಬಿಡುತ್ತೀ ಅಂತ. ಅಂಥವನು ನಿನಗೆ ಅಳಿಯನಾಗುವುದೇ?

ಏನು ಹೇಳಲು ಆಗುತ್ತಿಲ್ಲ ನಿನಗೆ? ನಿನಗೆ ಮಾತು ಸಿಕ್ಕಿಕೊಂಡದ್ದನ್ನು ನಾನು ಕಂಡೇ ಇಲ್ಲ.

ಇಲ್ಲಿ ನನ್ನದೂ ಒಂದು ಜಗಳ ನಡೆದಿದೆ, ಅದೂ ಗೂಲಾಳದೇ. ನಾನು ಕೆಲಸ ಮಾಡುವ ಪ್ರಕಾಶನದಲ್ಲಿ ಮಕ್ಕಳಿಗಾಗಿ ಬೇರೆ ಬೇರೆ ದೇಶದ ಕಥೆಗಳ ಪುಸ್ತಕ ಮಾಡುತ್ತಿದ್ದೇವೆ ಅಂದಿದ್ದೆನಲ್ಲ, ನೀನು ಹೇಳುತ್ತಿದ್ದ ಗೂಲಾಳ ಕಥೆಯನ್ನೇ ನಾನು ಇಂಗ್ಲಿಷಿಗೆ ತಂದುಕೊಟ್ಟೆ. ನಮ್ಮ ಸಂಪಾದಕಿ ಮಿಸ್ ಹಾರ್ಗ್ರೀವ್ ಒಳ್ಳೆಯ ಮುದುಕಿ, ದಿನಾ ಬಿಸ್ಕತ್ತು ಕೊಡುತ್ತಾಳೆ. ಆದರೆ ಕಥೆ ಓದಿ ಹುಬ್ಬು ಗಂಟಿಕ್ಕಿದಳು.

ಸಂಗತಿ ಏನೆಂದರೆ, ನಮ್ಮ ಗೂಲಾ ಯಾವ ಕಾಲದಲ್ಲೋ ಸಮುದ್ರ ದಾಟಿ ಇವರ ಭಾಷೆಗೆ ಬಂದು 'ಗೂಲ್' ಆಗಿದ್ದಾಳೆ. ಬಂದ ಮೇಲೆ ಪೂರಾ ಕೆಟ್ಟುಹೋಗಿದ್ದಾಳೆ ಅಮ್ಮಾ. ಇವರ ನಿಘಂಟಿನಲ್ಲಿ ಗೂಲ್ ಎಂದರೆ ಗೋರಿ ಅಗೆದು ಹೆಣ ತಿನ್ನುವ ಪಿಶಾಚಿ. ರೈಲು ಅಪಘಾತ ನೋಡಲು ಮುಗಿಬಿದ್ದ ಜನರನ್ನು ಪತ್ರಿಕೆಯವರು ಗೂಲ್‌ಗಳು ಎಂದು ಬೈಯುತ್ತಾರೆ. ನಮ್ಮ ಆಫೀಸಿನಲ್ಲಿ ಒಬ್ಬನಿದ್ದಾನೆ, ಬೆಳಗ್ಗೆ ಚಹಾ ಹೀರುತ್ತಾ ಮೊದಲು ಓದುವುದೇ ಸತ್ತವರ ಸುದ್ದಿ. ಅವನನ್ನೂ ಎಲ್ಲರೂ ಗೂಲ್ ಅಂತಲೇ ರೇಗಿಸುತ್ತಾರೆ. ಸಾವಿನ ಹತ್ತಿರ ಬಾಯಿ ಚಪ್ಪರಿಸುವವರಿಗೆಲ್ಲ ಅದೇ ಹೆಸರು.

ಹಾಗಾಗಿ ಆ ಮುದುಕಿಗೆ ಕಥೆಯ ಹುಡುಗ ಗೂಲಾಳ ಎದೆಹಾಲು ಕುಡಿಯುವ ಜಾಗ ಸರಿಬರಲಿಲ್ಲ. "ಗೂಲ್ ಹಾಲೂಡಿಸೋದಾ? ಮಕ್ಕಳು ಅಸಹ್ಯ ಪಟ್ಕೋತಾರಮ್ಮ. ಅದನ್ನ ತೆಗೆದು ಅಲ್ಲೊಂದು ಸ್ಮಶಾನ ಇಡು" ಅಂದಳು. ನಾನು ಹೇಳಿದೆ, ಹಾಲು ತೆಗೆದರೆ ಕಥೆಯೇ ಇಲ್ಲ, ಹುಡುಗ ಬದುಕಿ ಉಳಿಯುವುದೇ ಆ ಹಾಲಿನಿಂದ. ಅವಳು ಯೋಚಿಸು ಅಂದಳು. ಯೋಚಿಸುವುದೇನೂ ಇಲ್ಲ.

ನಿನ್ನ ಮಗಳು,
ಶಾದ್ಲಿಯಾ


ನೆಫ್ತಾ, 30 ಮಾರ್ಚ್ 1974

ಶಾದ್ಲಿಯಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಆ ಮುದುಕಿಗೆ ಹೇಳು, ನಮ್ಮೂರಿನ ಗೂಲಾ ಹೆಣ ತಿನ್ನುವುದಿಲ್ಲ, ಅವಳಿಗೆ ಬಿಸಿಬಿಸಿಯಾಗಿಯೇ ಬೇಕು. ಇಲ್ಲಿ ನಿದ್ದೆ ಮಾಡದ ಮಗುವಿಗೆ ಗೂಲಾ ಬರುತ್ತಾಳೆ. ಸೊಸೆಯ ಬಾಯಲ್ಲಿ ಅತ್ತೆ ಗೂಲಾ. ಬಸ್ಸನ್ನು ಉಪ್ಪಿನ ಬಯಲ ಮೇಲೆ ಹಾರಿಸಿಕೊಂಡು ಬರುವ ಡ್ರೈವರಿಗೆ "ಗೂಲ ಕಣೋ ನೀನು!" ಅಂದರೆ ಅವನು ಮೀಸೆ ತಿರುವುತ್ತಾನೆ. ನೀನು ಪರೀಕ್ಷೆಯಲ್ಲಿ ಮೊದಲು ಬಂದಾಗ ಮಾಸ್ತರು ನಿನ್ನನ್ನೂ ಹಾಗೇ ಹೊಗಳಿದ್ದರು. ಗಂಡಸಿಗೂ ಓದಿದ ಹುಡುಗಿಗೂ ಅದು ಬಿರುದು. ನನಗೆ ಅಂಟಿದ್ದು ಮಾತ್ರ ಬಿರುದಲ್ಲ.

ನಿನಗೆ ಗೊತ್ತಿರುವುದು ಅರ್ಧ. ನಿನಗಿಂತ ಮೊದಲು ನಿನ್ನ ಅಣ್ಣ ಸಾಲಿಹ್ ಹುಟ್ಟಿ, ನಗಲು ಕಲಿಯುವ ಹೊತ್ತಿಗೆ ಹೋಗಿಬಿಟ್ಟ. ಮಗು ಹೋಯಿತು, ಹಾಲು ಹೋಗಲಿಲ್ಲ. ನಾನು ಎತ್ತರದ ಆಳು, ದೊಡ್ಡ ಗಂಟಲು, ಚೆನ್ನಾಗಿ ಉಣ್ಣುವವಳು. ಮಗು ಸತ್ತ ಮೇಲೂ ನನ್ನ ಮೈ ಇಳಿಯಲಿಲ್ಲ, ಎದೆ ತುಂಬಿಕೊಂಡೇ ಇತ್ತು. ಅದನ್ನು ನೋಡಿ ಯಾರೋ ಅಂದರು: ತನ್ನ ಮಗುವನ್ನೇ ತಿಂದು ಕೊಬ್ಬಿದ್ದಾಳೆ, ಗೂಲಾ. ಊರು ಹಿಡಿದುಕೊಂಡಿತು.

ಉಳಿದರ್ಧ ಕೇಳು. ಅದೇ ಬೇಸಿಗೆ ಮನ್ನೂಬಿಯಾ ಸಾಸಿಯನ್ನು ಹೆತ್ತಿದ್ದಳು. ಅವಳಿಗೆ ಬಾಣಂತಿ ಜ್ವರ, ಹಾಲು ಬತ್ತಿಹೋಗಿತ್ತು. ಮಗು ಮೇಕೆಯ ಹಾಲು ಕಕ್ಕುತ್ತಿತ್ತು. ಮಟಮಟ ಮಧ್ಯಾಹ್ನ, ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಅವಳು ಮಗುವನ್ನು ಮುಸುಕಿನೊಳಗೆ ಅಡಗಿಸಿಕೊಂಡು ಹಿತ್ತಿಲ ಬಾಗಿಲಿಗೆ ಬಂದಳು.

"ಕೊಡೇ ಮಬ್ರೂಕಾ, ಸಾಯ್ತಾ ಇದೆ" ಅಂದಳು. ಇಸಿದುಕೊಂಡೆ. ಅವನು ಕಚ್ಚಿಕೊಂಡ ರಭಸಕ್ಕೆ ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ನನ್ನ ಕೈ ಹಿಡಿದು, "ಗೂಲಾ ಹಾಲು ಕುಡಿಸಿದೆ ಅಂತ ಗೊತ್ತಾದ್ರೆ ಹಾಜಿ ನನ್ನ ಮನೆಗೆ ಸೇರಿಸಲ್ಲ. ಬಾಯಿ ಬಿಡಲ್ಲ ಅಂತ ಸಾಲಿಹ್ ಮೇಲೆ ಆಣೆ ಮಾಡು" ಅಂದಳು. ಮಾಡಿದೆ. ಆ ಬೇಸಿಗೆ ಪೂರ್ತಿ ದಿನಾ ಮಧ್ಯಾಹ್ನ ಬಂದಳು. ಮಗು ಕೆಂಪಗೆ ದುಂಡಗಾಯಿತು. ಆಮೇಲೆ ಅವಳು ಬರುವುದು ನಿಂತಿತು, ಅವನು ನಡೆಯಲು ಕಲಿತ ಮೇಲೆ ನನ್ನ ಬಾಗಿಲು ದಾಟಿ ಓಡಲು ಕಲಿತ.

ಈಗ ತಿಳಿಯಿತೇ? ಸಾಸಿ ನನ್ನ ಹಾಲಿನ ಮಗ. ನಿನಗೆ ಅಣ್ಣ, ಒಡಹುಟ್ಟಿದವನಿಗೆ ಸಮ. ಈ ಮದುವೆ ಬೇಡವಾದದ್ದಲ್ಲ ಮಗಳೇ, ಹರಾಮು. ಇಮಾಮರು ಒಂದು ಹನಿ ಕುಡಿದರೂ ಸಾಕು ಅನ್ನುತ್ತಾರೆ, ಅವನು ಒಂದು ಬೇಸಿಗೆ ಕುಡಿದಿದ್ದಾನೆ.

ಆಣೆ ಮುರಿದೆಯಲ್ಲ ಅನ್ನಬೇಡ. ಬಾಯಿ ಬಿಡುವುದಿಲ್ಲ ಅಂತ ಆಣೆ ಮಾಡಿದ್ದು. ಆಗ ನನಗೆ ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ಬರೆಯುವುದರ ಬಗ್ಗೆ ಯಾರೂ ಆಣೆ ಕೇಳಲಿಲ್ಲ.

ಅಮ್ಮ


ಲಂಡನ್, 25 ಏಪ್ರಿಲ್ 1974

ಅಮ್ಮಾ,

ಕಾಗದ ಓದಿ ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದವನು ನನಗೆ ಕರವಸ್ತ್ರ ಕೊಟ್ಟು ಮುಖ ತಿರುಗಿಸಿ ಕೂತ.

ಅಳು ನಿಂತ ಮೇಲೆ ಸಿಟ್ಟು ಬಂತು, ನಿನ್ನ ಮೇಲೆಯೇ. ಎದ್ದು ಹೋಗಿ ಹೇಳಬಾರದೇ? ಆ ಮಗುವನ್ನು ಬದುಕಿಸಿದವಳು ನೀನು. ಅವಳು ಬಾಯಿ ಮುಚ್ಚಿಸಿ ಹೋದಳು, ಊರು ನಿನ್ನ ಮೇಲೆ ಉಗುಳಿತು, ನೀನು ಸತ್ತ ಮಗುವಿನ ಆಣೆ ಕಾಯುತ್ತಾ ಕೂತಿದ್ದೀಯ. ಬದುಕಿರುವ ಮಗಳಿಗಿಂತ ಆಣೆ ದೊಡ್ಡದೇ? ದೊಡ್ಡಪ್ಪನಿಗೆ ನಾನೇ ಬರೆಯಲೇ?

ಮಿಸ್ ಹಾರ್ಗ್ರೀವ್ ಹೇಳಿದ್ದನ್ನು ನೆನೆದು ಮೈ ಉರಿಯಿತು. ಗೂಲಾಳನ್ನು ಅಷ್ಟು ದೂರ ಹೊತ್ತುಕೊಂಡು ಬಂದರು, ಹಲ್ಲು ಉಳಿಸಿಕೊಂಡರು, ಉಗುರು ಉಳಿಸಿಕೊಂಡರು, ಹಾಲನ್ನು ಮಾತ್ರ ದಾರಿಯಲ್ಲಿ ಚೆಲ್ಲಿದರು. ಆದರೆ ಅವರನ್ನೇಕೆ ಬೈಯಲಿ? ನಮ್ಮ ಬೀದಿಯವರೂ ಅದನ್ನೇ ಮಾಡಿದ್ದಾರೆ.

ಇವತ್ತು ಬೆಳಗ್ಗೆ ಹೋಗಿ ಹೇಳಿದೆ, ಹಾಲಿಲ್ಲದೆ ಕಥೆ ಕೊಡುವುದಿಲ್ಲ, ಬೇಕಾದರೆ ನನ್ನನ್ನು ಕೆಲಸದಿಂದ ತೆಗೆದುಹಾಕಿ. ಬಿಸ್ಕತ್ತು ಬರಲಿಲ್ಲ.

ಶಾದ್ಲಿಯಾ


ನೆಫ್ತಾ, 28 ಜೂನ್ 1974

ಶಾದ್ಲಿಯಾ,

ತಡವಾಯಿತು. ನಿನ್ನ ಮೇಲೆ ಮುನಿಸಿಕೊಂಡಿದ್ದೆ, ಅದೂ ನಿಜ.

ಹಾಜಿ ನೀರು ನಿಲ್ಲಿಸಿದ್ದಾನೆ. ನಮ್ಮ ಕಾಲುವೆಯ ಬಾಯಿಗೆ ಮಣ್ಣು ಹಾಕಿಸಿ, ದುರಸ್ತಿ ಅನ್ನುತ್ತಾನೆ. ಮರಗಳು ಇನ್ನೂ ತಡೆದುಕೊಂಡಿವೆ, ಬುಡದ ಸೊಪ್ಪು ಸದೆಯೆಲ್ಲ ಹೋಯಿತು. ಸಾಲಿಹ್ ಹುಟ್ಟಿದಾಗ ನಿನ್ನಪ್ಪ ನೆಟ್ಟ ಮರಕ್ಕೆ ನಾನೇ ಕೊಡದಲ್ಲಿ ಹೊತ್ತು ಹಾಕುತ್ತೇನೆ. ಅದೊಂದನ್ನು ಒಣಗಲು ಬಿಡುವುದಿಲ್ಲ. ಅದು ಒಣಗಿದರೆ ಅವನು ಇದ್ದ ಅನ್ನುವುದಕ್ಕೆ ನನ್ನ ಹತ್ತಿರ ಬೇರೇನೂ ಇಲ್ಲ.

ನೀನು ದೊಡ್ಡಪ್ಪನಿಗೆ ಬರೆದು ಪ್ರಯೋಜನವಿಲ್ಲ, ಆಗ ನೀನು ಹುಟ್ಟಿರಲಿಲ್ಲ. ಇಮಾಮರನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ. "ಹಾಲೂಡಿಸಿದೆ ಅಂತ ಒಬ್ಬಳೇ ಬಂದು ಅಂದ್ರೆ ಹೇಗಮ್ಮಾ? ಮದುವೆ ಮುರಿಯೋಕೆ ಯಾರು ಬೇಕಾದ್ರೂ ಹೇಳ್ಬಹುದು. ಇನ್ನೊಬ್ಬಳೂ ಹೇಳ್ಬೇಕು" ಅಂದರು. ಇನ್ನೊಬ್ಬಳು ಯಾರು? ಆ ಮಧ್ಯಾಹ್ನಗಳಲ್ಲಿ ನನ್ನ ಹಿತ್ತಿಲಲ್ಲಿ ಇದ್ದವಳು ಒಬ್ಬಳೇ. ಅವಳು ಹೇಳದಿದ್ದರೆ ನಾನು ಕೂಗಿ ಕೂಗಿ ಸತ್ತರೂ ಗೂಲಾಳ ಸುಳ್ಳು ಅನ್ನುತ್ತಾರೆ.

ಹಾಗಾದರೆ ಅವಳೇ ಹೇಳುವ ಹಾಗೆ ಮಾಡಬೇಕು. ಹೇಗೆ ಅಂತ ನೋಡುತ್ತಿದ್ದೇನೆ.

ಅಮ್ಮ


ಲಂಡನ್, 15 ಜುಲೈ 1974

ಅಮ್ಮಾ,

ಆಣೆಯ ಬಗ್ಗೆ ಆ ಮಾತು ಬರೆಯಬಾರದಿತ್ತು. ಸಾಲಿಹ್ ನಿನಗೆ ಬದುಕಿಲ್ಲದ ಮಗು ಅಲ್ಲವೆಂದು ನನಗೆ ಗೊತ್ತಿರಬೇಕಿತ್ತು.

ತೋಟ ಹಾಜಿಗೇ ಬಿಟ್ಟುಕೊಟ್ಟು ಇಲ್ಲಿಗೆ ಬಂದುಬಿಡು. ನನ್ನ ಕೋಣೆ ಚಿಕ್ಕದು, ಆದರೆ ಇಬ್ಬರಿಗೆ ಸಾಕು. ಇಲ್ಲಿ ಯಾರೂ ನಿನ್ನನ್ನು ಏನೂ ಕರೆಯುವುದಿಲ್ಲ.

ಮಿಸ್ ಹಾರ್ಗ್ರೀವ್ ತುಂಬ ದಿನ ಮಾತು ಬಿಟ್ಟಿದ್ದಳು. ಮೊನ್ನೆ ಶುಕ್ರವಾರ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟು, "ನಿನ್ನ ಗೂಲಾ ನೀನು ಬರೆದ ಹಾಗೇ ಇರ್ಲಿ, ಹಾಲು ಸಮೇತ. ಬೇರೆ ಹೆಸರು ಹುಡುಕೋದೂ ಬೇಡ" ಅಂದಳು. ಪುಸ್ತಕದಲ್ಲಿ ಗೂಲಾಳ ಹೆಸರು ನಾವು ಕರೆಯುವ ಹಾಗೇ ಬರುತ್ತದೆ. ನಾನು ಗೆದ್ದೆ. ನೀನೂ ಗೆಲ್ಲಬೇಕು ಅಥವಾ ಹೊರಟುಬರಬೇಕು.

ಶಾದ್ಲಿಯಾ


ನೆಫ್ತಾ, 2 ಆಗಸ್ಟ್ 1974

ಮಗಳೇ,

ನಾನು ಎಲ್ಲಿಗೂ ಬರುವುದಿಲ್ಲ. ಯಾರೂ ಏನೂ ಕರೆಯದ ಊರಿನಲ್ಲಿ ನಾನು ಮಾಡುವುದೇನು? ಇಲ್ಲಿ ಕರೆಯುತ್ತಾರೆ, ತಿರುಗಿ ಕೊಡುತ್ತೇನೆ, ದಿನ ಹೋಗುತ್ತದೆ.

ನಿನ್ನೆ ವರ್ಷಕ್ಕಾಗುವಷ್ಟು ರವೆಯನ್ನು ಕುಸ್ಕುಸು ಕಾಳಾಗಿ ಉರುಳಿಸಲು ಬೀದಿಯ ಹೆಂಗಸರೆಲ್ಲ ಹಾಜಿಯ ಅಂಗಳದಲ್ಲಿ ಸೇರಿದ್ದರು. ನನ್ನನ್ನು ಕರೆದಿರಲಿಲ್ಲ. ನನ್ನ ಜರಡಿ ಎತ್ತಿಕೊಂಡು ಹೋಗಿ ನಡುವೆ ಕೂತೆ. ನನ್ನಷ್ಟು ಸಣ್ಣಗೆ ಉರುಳಿಸುವವರು ಅಲ್ಲಿ ಇಲ್ಲ, ಹಾಗಾಗಿ ಯಾರೂ ಏಳು ಅನ್ನಲಿಲ್ಲ. ಮನ್ನೂಬಿಯಾ ನನ್ನ ಎದುರಿಗೇ ಇದ್ದಳು, ಮೊಣಕೈವರೆಗೂ ರವೆ.

ಕೆಲಸ ಸಾಗುತ್ತಿದ್ದಾಗ ನಾನು ಶುರು ಮಾಡಿದೆ. "ಒಂದಾನೊಂದು ಕಾಲದಲ್ಲಿ ಒಬ್ಬ ಗೂಲಾ ಇದ್ಲು…"

ಎಲ್ಲರ ಕೈ ನಿಂತಿತು. "ಅಯ್ಯೋ, ಹಾಡಹಗಲಲ್ಲಿ ಕಥೆನಾ!" ಅಂದಳು ನೇಕಾರನ ಹೆಂಡತಿ. "ಮಕ್ಕಳ ತಲೆಯೆಲ್ಲಾ ಬೋಳಾಗತ್ತೆ ಕಣೇ, ನಿಲ್ಸು!"

"ಆಗ್ಲಿ ಬಿಡು, ಬೇಸಿಗೆ, ತಂಪಾಗಿರತ್ತೆ" ಅಂದೆ. ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಯಾರೂ ಎದ್ದು ಹೋಗಲಿಲ್ಲ.

ಹೇಳಿದೆ. ಗೂಲಾ ಬೀಸುವ ಕಲ್ಲಿನ ಮುಂದೆ ಕೂತಿದ್ದಾಳೆ, ಮೊಲೆಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಕೊಂಡಿದ್ದಾಳೆ. ಹಸಿದ ಹುಡುಗ ಹಿಂದಿನಿಂದ ಬಂದು ಬಾಯಿ ಹಾಕುತ್ತಾನೆ. ಗೂಲಾ ತಿರುಗಿ ಅನ್ನುತ್ತಾಳೆ, "ನನ್ ಹಾಲು ಕುಡೀದೆ ಇದ್ದಿದ್ರೆ ನಿನ್ನ ಒಂದೇ ತುತ್ತಿಗೆ ನುಂಗ್ತಿದ್ದೆ. ಈಗ ನೀನು ನನ್ ಮಗ. ನನಗಿನ್ನು ನಿನ್ನ ಮುಟ್ಟೋಕಾಗಲ್ಲ." ಇಲ್ಲಿವರೆಗೆ ಎಲ್ಲರಿಗೂ ಗೊತ್ತಿದ್ದದ್ದೇ. ನಾನು ನಿಲ್ಲಿಸಲಿಲ್ಲ. ಹುಡುಗ ದೊಡ್ಡವನಾದ. ಗೂಲಾಳಿಗೆ ಒಬ್ಬ ಮಗಳಿದ್ದಳು. ಹುಡುಗನ ಅಪ್ಪ ಬಂದು ಬಾಗಿಲು ತಟ್ಟಿ, ಮಗಳನ್ನು ನನ್ನ ಮಗನಿಗೆ ಕೊಡು ಅಂದ.

ಅಷ್ಟು ಹೇಳಿ ಜರಡಿ ಆಡಿಸುತ್ತಾ ಕೂತೆ.

"ಮುಂದೆ?" ಅಂದಳು ನೇಕಾರನ ಹೆಂಡತಿ, ಬೋಳು ತಲೆ ಮರೆತು.

"ಮುಂದಿಂದು ನಂಗೆ ಹೇಳೋ ಹಾಗಿಲ್ಲ. ಮನ್ನೂಬಿಯಾ ಹೇಳ್ಲಿ, ಅವಳಿಗೆ ಗೊತ್ತು."

ಮನ್ನೂಬಿಯಾ ಕೈ ಕೂಡ ತೊಳೆಯದೆ ಎದ್ದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ನಾನು ಉಳಿದ ರವೆಯನ್ನೆಲ್ಲ ಉರುಳಿಸಿ ಮುಗಿಸಿಯೇ ಬಂದೆ. ದಾರಿಯಲ್ಲಿ ಯಾವುದೋ ಹುಡುಗಿ "ಗೂಲಾ" ಅಂದಳು. "ಹೌದು ಪುಟ್ಟಿ, ನಾನೇ" ಅಂದೆ. ಓಡಿಹೋಯಿತು.

ಅವಳು ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಮಾತಾಡದಿದ್ದರೆ ಈ ವರ್ಷದ ಫಸಲು ಹೋಯಿತು, ಮುಂದಿನ ವರ್ಷ ಮರಗಳೂ ಹೋಗುತ್ತವೆ. ಆದರೂ ನೀನು ಬರಬೇಡ, ಯಾವ ಕಾಗದಕ್ಕೂ ಸಹಿ ಹಾಕಬೇಡ. ಒಂದು ಮರಕ್ಕಾಗುವಷ್ಟು ನೀರು ಹೊರುವ ಶಕ್ತಿ ನನ್ನ ಸೊಂಟಕ್ಕೆ ಇನ್ನೂ ಇದೆ.

ನಿನ್ನ ಅಮ್ಮ,
ಗೂಲಾ


ನೆಫ್ತಾ, 20 ಆಗಸ್ಟ್ 1974

ತಂಗಿ ಶಾದ್ಲಿಯಾಗೆ,

ನನ್ನ ಅಕ್ಷರ ಕೆಟ್ಟದಾಗಿದೆ, ಶಾಲೆ ಬಿಟ್ಟ ಮೇಲೆ ಲಾರಿಯ ಸ್ಟೀರಿಂಗ್ ಬಿಟ್ಟು ಬೇರೇನೂ ಹಿಡಿದಿಲ್ಲ. ನಿನ್ನ ಅಮ್ಮ ತಾನೇ ಬರೆಯುತ್ತೇನೆ ಅಂದರು. ಇಲ್ಲ, ತಂಗಿ ಅಂತ ನಾನೇ ಬರೆಯಬೇಕು ಅಂತ ಕೂತಿದ್ದೇನೆ.

ಕುಸ್ಕುಸಿನ ದಿನದಿಂದ ನಮ್ಮಮ್ಮ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹೋದ ಗುರುವಾರ ಬೆಳಗ್ಗೆ ನಾವು ಗಂಡಸರು ನೀರು ಹಂಚುವ ಜಾಗದಲ್ಲಿ ಕೂತಿದ್ದೆವು. ಅಪ್ಪ ಎಲ್ಲರ ಎದುರಿಗೆ ನನ್ನ ಮದುವೆಯ ದಿನ ಹೇಳುತ್ತಿದ್ದರು. ಹೆಂಗಸರು ಅಲ್ಲಿಗೆ ಕಾಲಿಡುವುದಿಲ್ಲ, ನಿನಗೆ ಗೊತ್ತು. ನೋಡಿದರೆ ಅಮ್ಮ ಮುಸುಕು ಹೊದ್ದು ನೇರವಾಗಿ ನಡೆದು ಬರುತ್ತಿದ್ದಾಳೆ. ಅವಳ ಹಿಂದೆ ನಿನ್ನ ಅಮ್ಮ. ಜೊತೆಗೆ ಬಂದವರಲ್ಲ, ಕೊಡ ಹೊತ್ತು ನಿಮ್ಮ ತೋಟಕ್ಕೆ ಹೋಗುತ್ತಿದ್ದವರು ಅಲ್ಲೇ ನಿಂತರು.

ಅಮ್ಮ ಇಮಾಮರ ಮುಂದೆ ನಿಂತು ಹೇಳಿದಳು, "ಈ ಮದುವೆ ಹರಾಮು. ನನ್ ಮಗ ಮಬ್ರೂಕಾಳ ಹಾಲು ಕುಡಿದು ಬೆಳೆದವನು. ನಾನೇ ಒಯ್ದು ಅವಳ ಮಡಿಲಿಗೆ ಹಾಕಿದ್ದೆ."

ಅಪ್ಪ ಎದ್ದು ನಿಂತರು. "ಇವಳಿಗೆ ತಲೆ ಕೆಟ್ಟಿದೆ! ಯಾರಾದ್ರೂ ಕರ್ಕೊಂಡ್ಹೋಗಿ!"

"ತಲೆ ಕೆಟ್ಟಿದ್ದು ಇಷ್ಟು ವರ್ಷ" ಅಂದಳು ಅಮ್ಮ. "ನನ್ನೆದೇಲಿ ಹಾಲಿರ್ಲಿಲ್ಲ, ಅವಳೆದೇಲಿತ್ತು. ಆ ಹೊಟ್ಟೆಕಿಚ್ಚಿಗೆ ಅವಳನ್ನ ಗೂಲಾ ಅಂತ ಮೊದಲು ಅಂದವಳು ನಾನೇ. ಅಂದ ಬಾಯಲ್ಲೇ ಮಗೂನ ಬದುಕಿಸು ಅಂತ ಬೇಡ್ಕೊಂಡೆ. ಅವಳು ಬದುಕಿಸಿದ್ಲು."

ಇಮಾಮರು ನಿನ್ನ ಅಮ್ಮನ ಕಡೆ ತಿರುಗಿ, "ಹೌದೇನಮ್ಮಾ?" ಅಂದರು.

ನಿನ್ನ ಅಮ್ಮ ಹೌದು ಅನ್ನಲಿಲ್ಲ. ತಲೆಯ ಮೇಲಿನ ಕೊಡವನ್ನು ಇಳಿಸದೆಯೇ, ನಮ್ಮಮ್ಮನನ್ನು ನೋಡಿ, "ಆಣೆ ತೀರಿತೇನೇ?" ಅಂತ ಕೇಳಿದರು. ಅಮ್ಮ ತಲೆಯಾಡಿಸಿದಳು. ಆಮೇಲೆ ಅಂದರು, "ಹೌದು. ಒಂದು ಬೇಸಿಗೆ ಪೂರ್ತಿ. ಕಚ್ತಿದ್ದ, ಕಳ್ಳ."

ಗಂಡಸರು ನಗಬೇಕೋ ಬೇಡವೋ ತಿಳಿಯದೆ ಗಡ್ಡ ನೀವಿಕೊಂಡರು. ಇಮಾಮರು ಫಾತಿಹಾ ರದ್ದು ಅಂದರು. ಅಪ್ಪ ಎದ್ದು ಹೋದರು, ಇನ್ನೂ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಅಮ್ಮ ಮೂರು ದಿನ ನಿಮ್ಮ ಮನೆಯಲ್ಲಿದ್ದು ಈಗ ವಾಪಸು ಬಂದಿದ್ದಾಳೆ. ಮೊದಲಿನ ಹಾಗೆ ತಲೆ ತಗ್ಗಿಸಿ ಅಲ್ಲ.

ನಾನು ಸಲಿಕೆ ತೆಗೆದುಕೊಂಡು ಹೋಗಿ ನಿಮ್ಮ ಕಾಲುವೆಯ ಬಾಯಿಯ ಮಣ್ಣು ಎಳೆದುಹಾಕಿದೆ. ಯಾರೂ ತಡೆಯಲಿಲ್ಲ. ನೀರನ್ನು ಮೊದಲು ಸಾಲಿಹ್‌ನ ಮರಕ್ಕೇ ಬಿಟ್ಟೆ. ಅವನ ಪಾಲಿನ ಹಾಲು ಕುಡಿದವನು ನಾನು, ಅವನ ಪಾಲಿನ ನೀರನ್ನಾದರೂ ಅವನಿಗೆ ಕೊಡಬೇಡವೇ? ಒಣ ಮಣ್ಣು ಕುಡಿಯುವ ಸದ್ದು ಕೇಳುತ್ತಾ ಅಲ್ಲೇ ಕೂತುಬಿಟ್ಟೆ.

ವಾಪಸು ಬರುವಾಗ ನಿಮ್ಮ ಬಾಗಿಲ ಮುಂದೆ ಕಾಲು ತಾನಾಗಿಯೇ ಬೇಗ ಬೇಗ ಬಿತ್ತು, ಅಷ್ಟು ವರ್ಷದ ಅಭ್ಯಾಸ. ಒಳಗಿನಿಂದ ಕೂಗು ಬಂತು. "ಎಲ್ಲಿಗೋ ಓಡ್ತೀಯ? ಬಾ ಒಳಗೆ. ತಿನ್ನೋ ಹಾಗಿದ್ದಿದ್ರೆ ಆಗಲೇ ತಿಂದಿರ್ತಿದ್ದೆ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಕುಸ್ಕುಸು ಬಡಿಸಿದರು, ಮತ್ತೆ ಮತ್ತೆ ಬಡಿಸಿದರು. ಮೊದಲ ಸಲ ಅವರ ಕೈ ಊಟ ಅಂದುಕೊಂಡು ಬಾಯಿಗಿಟ್ಟೆ. ಆಮೇಲೆ ನೆನಪಾಯಿತು, ಮೊದಲ ಸಲವಲ್ಲ.

ಗೂಲಾಳ ಮಗ,
ಸಾಸಿ